ಕಪಾಟಿನೊಳಗಿನ ವಿದ್ಯೆ

ಮೈಕ್ರೋಕಂಟ್ರೋಲರ್ ಎಂಬ ವಿಷಯವನ್ನು ಬೋಧಿಸದ ಎಲೆಕ್ಟ್ರಾನಿಕ್ಸ್ ವಿಭಾಗವು ನಮ್ಮ ನಾಡಿನಲ್ಲಿ ಇಂದು ವಿರಳ. ಆದರೆ ಆ ವಿಷಯದಲ್ಲಿ ಉತ್ತೀರ್ಣನಾದ ತರುಣನ ಕೈಗೆ ಒಂದು ಪರೀಕ್ಷಾ ಫಲಕವನ್ನಿತ್ತು, ‘ಅಪ್ಪಾ, ಇದರ ಮೇಲಿನ ದೀಪವನ್ನು ಮಿನುಗಿಸಿ ತೋರಿಸು’ ಎಂದರೆ ನಿರ್ಭಯವಾಗಿ ಮುಂದೆ ಬರುವವರು ಎಷ್ಟು ಮಂದಿ? ಪ್ರಶ್ನೆಯು ಕಟುವಾಗಿ ತೋರಬಹುದು, ಕೇಳದೆ ಗತ್ಯಂತರವಿಲ್ಲ. ಈಜನ್ನು ದಡದ ಮೇಲೆ ಕುಳಿತು ಕಲಿತವರುಂಟೆ?

ಈ ಯಂತ್ರದ ಪರಿಚಯವಿಲ್ಲದ ವಾಚಕ ಮಹಾಶಯರಿಗಾಗಿ ಎರಡು ಮಾತು. ಗಣಕದ ಬುದ್ಧಿ, ನೆನಪು, ಹೊರಗಿನ ಲೋಕದೊಡನೆ ವ್ಯವಹರಿಸುವ ದ್ವಾರಗಳು, ಈ ಮೂರನ್ನೂ ಒಂದೇ ಸಿಲಿಕಾನ್ ಚೂರಿನಲ್ಲಿ ಅಡಗಿಸಿಟ್ಟರೆ ಅದು ಮೈಕ್ರೋಕಂಟ್ರೋಲರ್. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1974ರಲ್ಲಿ ಟಿಎಂಎಸ್ 1000 ಎಂಬುದನ್ನು ಮಾರುಕಟ್ಟೆಗೆ ತಂದಂದಿನಿಂದ ಇದರ ಸಂತತಿಯು ಬೆಳೆಯುತ್ತಲೇ ಬಂದಿದೆ. ಬಟ್ಟೆ ಒಗೆಯುವ ಯಂತ್ರದಲ್ಲಿ, ವಿದ್ಯುತ್ ಮಾಪಕದಲ್ಲಿ, ಮೋಟಾರು ವಾಹನದಲ್ಲಿ, ರೋಗಿಯ ಜ್ವರವನ್ನಳೆಯುವ ಪುಟ್ಟ ಉಪಕರಣದಲ್ಲಿ ಕಣ್ಣಿಗೆ ಬೀಳದೆ ದುಡಿಯುತ್ತಿರುವುದು ಇದೇ. ಬಟ್ಟೆ ಕೊಳ್ಳುವವನು ಅಂಚನ್ನು ಹಿಡಿದು, ಎಳೆಯನ್ನು ಎಳೆದು ನೋಡುವಂತೆ, ಇಂಥ ಚಿಪ್ಪನ್ನು ತನ್ನ ಉಪಕರಣದಲ್ಲಿ ಬಳಸುವ ಮೊದಲು ಅದರ ಗುಣಾವಗುಣಗಳನ್ನು ಪರೀಕ್ಷಿಸಿ ನೋಡುವುದಕ್ಕಾಗಿ ತಯಾರಕರೇ ಸಿದ್ಧಪಡಿಸಿ ಕೊಡುವ ಹಲಗೆಯೇ ಪರೀಕ್ಷಾ ಫಲಕ.

ಉದಾಹರಣೆಗೆ ಅದೇ ಸಂಸ್ಥೆಯ ಎಂಎಸ್‌ಪಿ430 ಲಾಂಚ್‌ಪ್ಯಾಡ್ ಎಂಬ ಫಲಕವನ್ನು ತೆಗೆದುಕೊಳ್ಳೋಣ. 2010ರಲ್ಲಿ ಇದು ಹೊರಬಿದ್ದಾಗ ಇದರ ಬೆಲೆ 4.30 ಡಾಲರು, ಎಂದರೆ ಅಂದಿನ ದರದಲ್ಲಿ ಸುಮಾರು 200 ರೂಪಾಯಿ. ಈಗ ಅದರ ಸ್ಥಾನವನ್ನು ಪರಿಷ್ಕೃತ ರೂಪವೊಂದು ವಹಿಸಿಕೊಂಡಿದೆಯಾದರೂ, ಹಳೆಯ ಕೆಂಪು ಹಲಗೆಗಳು ಅನೇಕ ಪ್ರಯೋಗಶಾಲೆಗಳಲ್ಲಿ ಇನ್ನೂ ಇವೆ. ಅದರ 1.5ನೆಯ ಆವೃತ್ತಿಯೊಡನೆ ಬಂದ ಜಿ2553 ಚಿಪ್ಪಿನಲ್ಲಿ ಆದೇಶಗಳನ್ನಿಡಲು 16 ಕಿಲೋಬೈಟ್ ಸ್ಥಳ, ತಾತ್ಕಾಲಿಕ ನೆನಪಿಗೆ ಕೇವಲ 512 ಬೈಟ್. ಇಷ್ಟೇ ಇಷ್ಟರಲ್ಲಿ ಸಂಸಾರ ಸಾಗಿಸುವುದನ್ನು ಕಲಿತವನು ಮುಂದೆ ಎಂಥ ಗಣಕದಲ್ಲಿಯೂ ದುಂದುಗಾರನಾಗಲಾರನು.

ಹಲಗೆಯನ್ನು ಎರಡು ಪ್ರಾಂತಗಳಾಗಿ ಭಾವಿಸಬೇಕು. ಮೇಲ್ಭಾಗವು ಎಮ್ಯುಲೇಟರ್, ಅದು ಯುಎಸ್‌ಬಿ ತಂತಿಯ ಮೂಲಕ ಮನೆಯ ಗಣಕದೊಡನೆ ಮಾತನಾಡಿ, ನಾವು ಬರೆದ ಆದೇಶಗಳನ್ನು ಚಿಪ್ಪಿಗೆ ಮುಟ್ಟಿಸುವ ದುಭಾಷಿ. ಕೆಳಭಾಗದಲ್ಲಿ ಚಿಪ್ಪು, ಎರಡು ದೀಪಗಳು, ಎರಡು ಗುಂಡಿಗಳು. ಇವೆರಡರ ನಡುವೆ ಐದು ಜಂಪರುಗಳ ಸೇತುವೆಯಿದೆ. ಅವನ್ನು ಕಿತ್ತರೆ ಸಂಬಂಧ ಕಡಿಯುವುದು. ಗಣಕದಲ್ಲಿ ಕೋಡ್ ಕಂಪೋಸರ್ ಸ್ಟುಡಿಯೋ ಎಂಬ ತಂತ್ರಾಂಶವನ್ನು ಸ್ಥಾಪಿಸಿಕೊಳ್ಳಬೇಕು. ಅದು ಬೆಲೆಯಿಲ್ಲದೆ ದೊರೆಯುತ್ತದೆ. ಹೊಸ ಕಾರ್ಯವನ್ನು ಆರಂಭಿಸುವಾಗ ಚಿಪ್ಪಿನ ಮೇಲೆ ಅಚ್ಚಾಗಿರುವ ಹೆಸರನ್ನೇ ಆರಿಸಬೇಕು. ಒಂದಂಕಿ ತಪ್ಪಿದರೂ ಹಲಗೆಯು ನಮ್ಮ ಮಾತಿಗೆ ಓಗೊಡದು.

ಮೊದಲನೆಯ ಪಾಠವು ದೀಪ ಮಿನುಗಿಸುವುದು. ಪಿ1.0 ಎಂಬ ಕಾಲಿಗೆ ಕೆಂಪು ದೀಪವೂ ಪಿ1.6ಕ್ಕೆ ಹಸುರು ದೀಪವೂ ಜೋಡಿಸಲ್ಪಟ್ಟಿವೆ. ಕಾಲನ್ನು ಹೊರಮುಖಿಯನ್ನಾಗಿ ಮಾಡಿ, ಅರೆ ಸೆಕೆಂಡಿಗೊಮ್ಮೆ ಅದರ ಸ್ಥಿತಿಯನ್ನು ತಿರುವುಮುರುವು ಮಾಡಿದರಾಯಿತು. ಆದರೆ ಇಷ್ಟನ್ನು ಸರಿಯಾಗಿ ಬರೆದರೂ ದೀಪವು ಮಿನುಗದಿರುವುದುಂಟು. ಏಕೆ? ಚಿಪ್ಪಿನೊಳಗೆ ವಾಚ್‌ಡಾಗ್ ಎಂಬ ಕಾವಲುಗಾರನಿದ್ದಾನೆ. ಚಿಪ್ಪು ಎಚ್ಚೆತ್ತೊಡನೆ ಅವನೂ ಎಚ್ಚೆತ್ತು, ಸುಮಾರು 32 ಮಿಲಿಸೆಕೆಂಡುಗಳಲ್ಲಿ ತನಗೆ ವರದಿಯೊಪ್ಪಿಸದಿದ್ದರೆ ಕಾರ್ಯಕ್ರಮವು ದಾರಿತಪ್ಪಿತೆಂದು ತಿಳಿದು ಎಲ್ಲವನ್ನೂ ಮೊದಲಿನಿಂದ ಆರಂಭಿಸಿಬಿಡುತ್ತಾನೆ. ಅರೆ ಸೆಕೆಂಡಿನ ವಿರಾಮವು ಮುಗಿಯುವುದೇ ಇಲ್ಲ! ಆರಂಭದಲ್ಲಿಯೇ ಒಂದು ಸಾಲಿನಿಂದ ಅವನನ್ನು ತಡೆದು ನಿಲ್ಲಿಸಬೇಕು.

ಎರಡನೆಯ ಪಾಠವು ಗುಂಡಿಯದು. ಎಸ್2 ಗುಂಡಿಯು ಪಿ1.3ಕ್ಕೆ ಸೇರಿದೆ, ಒತ್ತಿದಾಗ ಆ ಕಾಲು ಶೂನ್ಯ ವೋಲ್ಟಿಗಿಳಿಯುವುದು. ಒತ್ತದಿರುವಾಗ ಅದನ್ನು ಮೇಲಕ್ಕೆ ಹಿಡಿದಿಡುವ ರೋಧಕವು ಹಿಂದಿನ ಆವೃತ್ತಿಯ ಹಲಗೆಯಲ್ಲಿತ್ತು, 1.5ನೆಯದರಲ್ಲಿ ಅದನ್ನು ಕೈಬಿಡಲಾಯಿತು. ಹಳೆಯ ಪುಸ್ತಕದ ಕಾರ್ಯಕ್ರಮವನ್ನು ನಕಲು ಮಾಡಿದ ವಿದ್ಯಾರ್ಥಿಗೆ ಗುಂಡಿಯು ತನಗೆ ತಾನೇ ಒತ್ತಿಕೊಳ್ಳುತ್ತಿರುವಂತೆ ತೋರುವುದು. ಚಿಪ್ಪಿನೊಳಗಿನ ರೋಧಕವನ್ನು ಜಾಗೃತಗೊಳಿಸುವುದೇ ಇದಕ್ಕೆ ಪರಿಹಾರ. ಈ ಎರಡು ತೊಡಕುಗಳನ್ನು ತಾನೇ ಬಿಡಿಸಿಕೊಂಡವನು ಅಲ್ಲಿಗೇ ಅರ್ಧ ಇಂಜಿನಿಯರನಾದಂತೆ. ನಕಲು ಮಾಡಿ ಅಂಕ ಪಡೆದವನು ಯಾವುದೂ ಆಗಲಿಲ್ಲ.

ಈ ಚಿಪ್ಪಿನ ನಿಜವಾದ ಮಹಿಮೆ ಇರುವುದು ಅದರ ಮಿತವ್ಯಯದಲ್ಲಿ. 2.2 ವೋಲ್ಟಿನಲ್ಲಿ, ಸೆಕೆಂಡಿಗೆ ಹತ್ತು ಲಕ್ಷ ಸ್ಪಂದನಗಳ ವೇಗದಲ್ಲಿ ದುಡಿಯುವಾಗ ಅದು ಸುಮಾರು 230 ಮೈಕ್ರೋಆಂಪಿಯರ್ ವಿದ್ಯುತ್ತನ್ನು ಸೇವಿಸುತ್ತದೆ. ಗಡಿಯಾರವೊಂದನ್ನುಳಿದು ಮಿಕ್ಕೆಲ್ಲವನ್ನೂ ಮಲಗಿಸಿದರೆ ಕೇವಲ 0.5 ಮೈಕ್ರೋಆಂಪಿಯರ್. 220 ಮಿಲಿಆಂಪಿಯರ್-ಗಂಟೆಯ ಗುಂಡಿಬ್ಯಾಟರಿಯೊಂದನ್ನು ಜೋಡಿಸಿದೆವೆನ್ನಿ. ಸದಾ ಎಚ್ಚರವಾಗಿದ್ದರೆ ಅದು ಆರು ವಾರವೂ ಬಾಳದು. ನಿದ್ರೆಯಲ್ಲಿದ್ದರೆ ಲೆಕ್ಕದ ಮಟ್ಟಿಗೆ ಐವತ್ತು ವರ್ಷ, ಅಷ್ಟರೊಳಗೆ ಬ್ಯಾಟರಿಯೇ ವೃದ್ಧಾಪ್ಯದಿಂದ ಸಾಯುವುದು! ವಿದ್ಯುತ್ ತಂತಿಯು ಮುಟ್ಟದ ಹೊಲದ ಮೂಲೆಯಲ್ಲಿ ಮಣ್ಣಿನ ತೇವವನ್ನು ಗಂಟೆಗೊಮ್ಮೆ ಅಳೆದು ಮತ್ತೆ ಮಲಗುವ ಉಪಕರಣವನ್ನು ಕಟ್ಟಬಯಸುವವನಿಗೆ ಇದಕ್ಕಿಂತ ಬೆಲೆಯುಳ್ಳ ಪಾಠವಾವುದು? ಇದನ್ನು ನಂಬಬೇಕಾಗಿಯೂ ಇಲ್ಲ. ಸೇತುವೆಯಲ್ಲಿನ ವಿಸಿಸಿ ಜಂಪರನ್ನು ತೆಗೆದು ಆ ಜಾಗದಲ್ಲಿ ಮಾಪಕವನ್ನಿಟ್ಟರೆ ಚಿಪ್ಪು ಕುಡಿಯುವ ವಿದ್ಯುತ್ತನ್ನು ಕಣ್ಣಾರೆ ನೋಡಬಹುದು.

ಕೆಲವು ಎಚ್ಚರಿಕೆಗಳು ಅಗತ್ಯ. ಚಿಪ್ಪು ಬಾಳುವುದು 1.8ರಿಂದ 3.6 ವೋಲ್ಟಿನ ಮಿತಿಯಲ್ಲಿ. 5 ವೋಲ್ಟಿನ ಸಂವೇದಕವನ್ನು ನೇರವಾಗಿ ಅದರ ಕಾಲಿಗೆ ಜೋಡಿಸಿದರೆ ಅದು ಕೆಡಬಹುದು. ಐ2ಸಿ ಮಾರ್ಗವನ್ನು ಬಳಸುವಾಗ ಪಿ1.6ರ ದೀಪದ ಜಂಪರನ್ನು ತೆಗೆದಿಡಬೇಕು, ಏಕೆಂದರೆ ಆ ಕಾಲೇ ಮಾರ್ಗದ ಗಡಿಯಾರ. ಜಿ2553ರಲ್ಲಿ ಅಡಕವಾಗಿರುವ ಸರಣಿ ಸಂವಹನವನ್ನು ಬಳಸಬೇಕಾದರೆ ಆರ್‌ಎಕ್ಸ್‌ಡಿ, ಟಿಎಕ್ಸ್‌ಡಿ ಜಂಪರುಗಳನ್ನು ಅಡ್ಡಲಾಗಿ ತಿರುಗಿಸಿಡಬೇಕು. ಎಲ್ಲವೂ ಸಿದ್ಧಿಸಿದ ಮೇಲೆ ಚಿಪ್ಪನ್ನು ಪೀಠದಿಂದ ಮೆಲ್ಲನೆ ಕಿತ್ತು ತನ್ನದೇ ಉಪಕರಣದಲ್ಲಿ ನೆಲೆಗೊಳಿಸಬಹುದು. ಪರೀಕ್ಷೆಯು ಮುಗಿದು ನಿರ್ಮಾಣವು ಆರಂಭವಾಗುವುದು ಆಗಲೇ.

ಇಷ್ಟನ್ನೆಲ್ಲ ನಾವು ವಿಸ್ತರಿಸಿದ್ದು ಒಂದು ಮಾತಿಗಾಗಿ. ಈ ಫಲಕವನ್ನು ತಯಾರಿಸಿದ ಸಂಸ್ಥೆಯು ನಮ್ಮ ಬೆಂಗಳೂರಿನಲ್ಲಿ ತನ್ನ ಸಂಶೋಧನಾ ಕೇಂದ್ರವನ್ನು ತೆರೆದದ್ದು 1985ರಲ್ಲಿ. ಇಂದು ತಿರುವನಂತಪುರದ ಸಿ-ಡ್ಯಾಕ್ ಸಂಸ್ಥೆಯವರು ವೇಗಾ ಎಂಬ ಸ್ವದೇಶಿ ಸಂಸ್ಕಾರಕವನ್ನು ರೂಪಿಸಿ, ಅದರ ತೇಜಸ್32 ಚಿಪ್ಪಿಗೆ ಏರೀಸ್ ಎಂಬ ಫಲಕವನ್ನೂ ಒದಗಿಸಿದ್ದಾರೆ. ಸಾಧನಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಅವುಗಳನ್ನು ಮುಟ್ಟುವ ಸ್ವಾತಂತ್ರ್ಯಕ್ಕೆ. ಹಾಳಾದೀತೆಂಬ ಭಯದಿಂದ ಹಲಗೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ವರ್ಷಕ್ಕೆ ನಾಲ್ಕು ಸಲ ನಾಲ್ವರಿಗೊಂದರಂತೆ ಹೊರತೆಗೆದು, ಮೊದಲೇ ಬರೆದಿಟ್ಟ ಕಾರ್ಯಕ್ರಮವನ್ನು ನಡೆಸಿ ತೋರಿಸುವ ಪದ್ಧತಿಯು ಎಲ್ಲೆಲ್ಲಿದೆಯೋ ಅಲ್ಲಲ್ಲಿ ಅದು ನಿಲ್ಲಬೇಕು. ಒಂದು ಹಲಗೆ ಸುಟ್ಟರೆ ನಷ್ಟವು ಕೆಲವು ನೂರು ರೂಪಾಯಿ. ಒಬ್ಬ ವಿದ್ಯಾರ್ಥಿಯ ಕುತೂಹಲವು ನಂದಿದರೆ ಆಗುವ ನಷ್ಟವನ್ನು ಯಾವ ಖಾತೆಯಲ್ಲಿ ಬರೆಯೋಣ?

ಅಧ್ಯಾಪಕ ಮಹನೀಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಹಲಗೆಯನ್ನು ಒಂದು ತಿಂಗಳ ಮಟ್ಟಿಗಾದರೂ ಮನೆಗೆ ಕೊಟ್ಟು ಕಳುಹಿಸಿರಿ. ದೀಪವು ಏಕೆ ಮಿನುಗಲಿಲ್ಲವೆಂಬುದಕ್ಕೆ ಅವನೇ ಕಾರಣವನ್ನು ಕಂಡು ಬಂದು ಹೇಳಲಿ. ಅದಕ್ಕೂ ಅಂಕ ಕೊಡಿರಿ.