ಬ್ರೇಕ್ ದೀಪ: ಮನೆಯಲ್ಲಿಯೇ ಪರೀಕ್ಷಿಸುವ ಕ್ರಮ

ಚಾರ್ಮಾಡಿ ಘಾಟಿಯ ಮಳೆ, ಮಂಜಿನಲ್ಲಿ ನಾವು ವೇಗ ತಗ್ಗಿಸಿದ್ದೇವೆಂದು ಹಿಂದಿನವರಿಗೆ ಮೊದಲು ತಿಳಿಸುವುದು ಬ್ರೇಕ್ ದೀಪ. ಅದು ಕೆಟ್ಟರೆ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಜೀಪಿನ ಹಿಂಬದಿಯಲ್ಲಿ ಕೂರುವವರಾದರೋ ನಮ್ಮ ತೋಟದ ಕೆಲಸದವರು, ನಮ್ಮ ಮಕ್ಕಳು. ಆದುದರಿಂದ ಮಳೆಗಾಲಕ್ಕೆ ಮೊದಲು ಬೆಳೆಗಾರ ಬಾಂಧವರು ಅರ್ಧ ಗಂಟೆ ಬಿಡುವು ಮಾಡಿಕೊಳ್ಳಬೇಕೆಂದು ಕೋರುತ್ತೇವೆ.

ಬೇಕಾದ ಸಾಮಾನು: 12 ವೋಲ್ಟಿನ ಸಣ್ಣ ಬಲ್ಬು, ಹೋಲ್ಡರ್, ಎರಡು ಉದ್ದದ ವೈರು. ಒಂದು ವೈರನ್ನು ಬಣ್ಣವಿಲ್ಲದ ಕಡೆ ಬಾಡಿಗೆ ಕಟ್ಟಿ. ಇನ್ನೊಂದು ಕರೆಂಟು ಹುಡುಕಲು. ಕೀ ತಿರುಗಿಸಿಟ್ಟು, ಎಂಜಿನ್ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಪರೀಕ್ಷಿಸಿ.

1. ಬಲ್ಬು: ಹಿಂದಿನ ಬಲ್ಬಿನಲ್ಲಿ ಸಾಮಾನ್ಯವಾಗಿ ಎರಡು ತಂತುಗಳಿರುತ್ತವೆ. 5 ವ್ಯಾಟಿನದು ರಾತ್ರಿ ದೀಪಕ್ಕೆ, 21 ವ್ಯಾಟಿನದು ಬ್ರೇಕಿಗೆ. ಒಂದು ಉರಿಯಿತೆಂದು ಇನ್ನೊಂದೂ ಸರಿಯಿದೆ ಎನ್ನಲಾಗದು. ಒಂದೇ ಕಡೆ ಉರಿಯದಿದ್ದರೆ ದೋಷ ಹೆಚ್ಚಾಗಿ ಬಲ್ಬಿನದು ಅಥವಾ ಹೋಲ್ಡರಿನ ತುಕ್ಕಿನದು.

2. ಫ್ಯೂಸ್: ಎರಡೂ ಕಡೆ ಉರಿಯದಿದ್ದರೆ ಮೊದಲು ಫ್ಯೂಸ್ ನೋಡಿ.

3. ಸ್ವಿಚ್: ಇದು ಬಹುತೇಕ ವಾಹನಗಳಲ್ಲಿ ಪೆಡಲಿನ ಮೇಲ್ಭಾಗದಲ್ಲಿರುತ್ತದೆ. ಕೆಲವು ಹಳೆಯ ಜೀಪುಗಳಲ್ಲಿ ಬ್ರೇಕ್ ಎಣ್ಣೆಯ ಕೊಳವೆಯ ಕಡೆ ಇರುತ್ತದೆ. ಪೆಡಲ್ ಒತ್ತದಿರುವಾಗ ಒಂದು ಕಡೆ ಮಾತ್ರ ಕರೆಂಟಿರಬೇಕು. ಒತ್ತಿದಾಗ ಎರಡೂ ಕಡೆ. ಯಾವ ಕಡೆಯೂ ಇಲ್ಲದಿದ್ದರೆ ದೋಷ ಫ್ಯೂಸಿನಿಂದ ಬರುವ ವೈರಿನಲ್ಲಿದೆ. ಒತ್ತಿದರೂ ಒಂದೇ ಕಡೆ ಬಂದರೆ ಸ್ವಿಚ್ ಕೆಟ್ಟಿದೆ, ಇಲ್ಲವೆ ಜಾಗ ಬಿಟ್ಟು ಸರಿದಿದೆ. ದೀಪ ಸದಾ ಉರಿಯುತ್ತಿದ್ದರೂ ಸ್ವಿಚ್ಚನ್ನೇ ನೋಡಿ. ಬೆಳಗಾಗುವುದರೊಳಗೆ ಬ್ಯಾಟರಿ ಬರಿದಾದೀತು.

4. ವೈರು: ಸ್ವಿಚ್ ಸರಿಯಿದ್ದೂ ದೀಪ ಬಾರದಿದ್ದರೆ ಹಿಂದಕ್ಕೆ ಹೋಗುವ ವೈರನ್ನು ಅಡಿಯಿಂದ ಮುಡಿಯವರೆಗೆ ನೋಡಿ. ಅಡಿಕೆ, ಕಾಫಿ ಚೀಲಗಳ ಪಕ್ಕದಲ್ಲಿ ಗಾಡಿ ನಿಲ್ಲಿಸುವ ನಮ್ಮಲ್ಲಿ ಇಲಿಯೇ ಮೊದಲ ಶತ್ರು. ಬ್ರೇಕ್ ಒತ್ತಿದಾಗ ಬೇರೆ ದೀಪಗಳು ಮಂಕಾಗಿ ಮಿನುಗಿದರೆ ಅರ್ತ್ ಕೆಟ್ಟಿದೆಯೆಂದು ತಿಳಿಯಿರಿ. ಅರ್ತ್ ವೈರಿನ ಬುಡವನ್ನು ಮರಳು ಕಾಗದದಿಂದ ಉಜ್ಜಿ ಬಿಗಿ ಮಾಡಿ.

ಎಚ್ಚರಿಕೆ: ಫ್ಯೂಸಿನ ಜಾಗದಲ್ಲಿ ತಂತಿ ಸುತ್ತಬಾರದು, ವೈರು ಕಾದು ಬೆಂಕಿ ಹೊತ್ತೀತು. ಸ್ವಿಚ್ಚಿಗೆ ನಾಲ್ಕು ವೈರುಗಳಿರುವ ಹೊಸ ಕಾರುಗಳಲ್ಲಿ ಈ ಬಲ್ಬಿನ ಪರೀಕ್ಷೆ ಬೇಡ. ಅವು ಕಂಪ್ಯೂಟರಿಗೂ ಸೇರಿರುವುದರಿಂದ ಬಲ್ಬು, ಫ್ಯೂಸ್ ಮಾತ್ರ ನೋಡಿ, ಉಳಿದುದನ್ನು ಮೆಕ್ಯಾನಿಕ್‌ಗೆ ಬಿಡಿ.

ಕೊನೆಯದಾಗಿ, ಘಾಟಿ ಇಳಿಯುವ ಮುನ್ನ ಪ್ರತಿ ಸಲವೂ ಒಬ್ಬರನ್ನು ಹಿಂದೆ ನಿಲ್ಲಿಸಿ ಪೆಡಲ್ ಒತ್ತಿ ನೋಡಿ. ಯಾರೂ ಇಲ್ಲದಿದ್ದರೆ ಕತ್ತಲಲ್ಲಿ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿದರೆ ಗೋಡೆಯ ಮೇಲಿನ ಕೆಂಪು ಬೆಳಕೇ ಉತ್ತರ ಹೇಳುತ್ತದೆ.