ಅರೆತಲೆನೋವು ಒಂಟಿಯಾಗಿ ಬರುವುದೇ?

“ಈ ತಲೆನೋವೊಂದನ್ನು ಬಿಟ್ಟರೆ ನನಗೆ ಬೇರೇನೂ ಇಲ್ಲ.” ಮುಂಬಯಿಯ ನಮ್ಮ ನೆರೆಮನೆಯ ತಾಯಿಯೊಬ್ಬರು ಡಾಕ್ಟರರಿಗೆ ಹೇಳಿದ ಮಾತಿದು. ಹಿಂದಿ, ಮರಾಠಿಗಳು ಅವರಿಗೆ ಅಷ್ಟಾಗಿ ಬಾರವು, ಮಗನೇ ದುಭಾಷಿ. ರಾತ್ರಿಯೆಲ್ಲ ನಿದ್ದೆಯಿಲ್ಲವೆಂದೂ, ಕಾರಣವಿಲ್ಲದೆ ಕಣ್ಣೀರು ಬರುವುದೆಂದೂ ಮಗನ ಬಾಯಲ್ಲಿ ಹೇಳಿಸುವುದು ಹೇಗೆ? ಚಿಕ್ಕಂದಿನ ಉಬ್ಬಸವಂತೂ ನೆನಪಿಗೇ ಬರಲಿಲ್ಲ. ತಲೆನೋವು ಬಾರದಿರಲೆಂದು ಕೊಟ್ಟ ಪ್ರೊಪ್ರನೊಲಾಲ್ ಮಾತ್ರೆ ನುಂಗಿದ ಕೆಲವೇ ದಿನಗಳಲ್ಲಿ ಏದುಸಿರು ಹತ್ತಿತು. ಕೂಡಲೆ ಮರಳಿ ಹೋದುದರಿಂದ ಅಪಾಯ ತಪ್ಪಿತು. ಈ ಮಾತ್ರೆ ರಕ್ತದೊತ್ತಡವುಳ್ಳವರಿಗೆ ಎರಡು ವಿಧದಲ್ಲಿ ಉಪಕಾರಿ. ಉಬ್ಬಸದವರಿಗಾದರೋ ಶ್ವಾಸನಾಳಗಳನ್ನು ಬಿಗಿಸಬಲ್ಲುದು.

ಗೃಹಿಣಿಯರು ಇದನ್ನು ಮನಸ್ಸಿನಲ್ಲಿಡಬೇಕು. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು 3 ಪಟ್ಟು ಹೆಚ್ಚಾಗಿ ಕಾಣುವ ಅರೆತಲೆನೋವು ಅನೇಕ ವೇಳೆ ಒಡನಾಡಿಗಳನ್ನು ಕರೆತರುತ್ತದೆ. ಮನಸ್ಸಿನ ಖಿನ್ನತೆ, ಕಳವಳ, ನಿದ್ರಾಹೀನತೆ, ಕರುಳಿನ ತೊಂದರೆ, ಉಬ್ಬಸ, ಮೂರ್ಛೆರೋಗ ಇವು ಅಂಥವು. ಖಿನ್ನತೆ ತಲೆನೋವನ್ನು ಬೆಳೆಸುತ್ತದೆ. ತಲೆನೋವು ಖಿನ್ನತೆಯನ್ನು ಬೆಳೆಸುತ್ತದೆ. ಇದು ಮನೋದೌರ್ಬಲ್ಯವಲ್ಲ, ಚಿಕಿತ್ಸೆಯುಳ್ಳ ಕಾಯಿಲೆ. ಮೊದಲು ಖಿನ್ನತೆಗೆಂದೇ ಬಂದ ಅಮಿಟ್ರಿಪ್ಟಿಲಿನ್ ಔಷಧಿಯನ್ನು ಅಲ್ಪ ಪ್ರಮಾಣದಲ್ಲಿ ಅರೆತಲೆನೋವಿನ ತಡೆಗೂ ಕೊಡುವುದುಂಟು. ಅದರಿಂದ ನಿದ್ದೆಯೂ ಬರುತ್ತದೆ.

ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆಗಳು ಕಾಣುತ್ತವೆ. ಇಂಥವರಿಗೆ ಮೆದುಳಿನ ರಕ್ತನಾಳ ಕಟ್ಟಿ ಲಕ್ವ ಹೊಡೆಯುವ ಸಂಭವ ಇತರರಿಗಿಂತ ಸುಮಾರು ಇಮ್ಮಡಿ. ಚಿಕ್ಕ ವಯಸ್ಸಿನಲ್ಲಿ ಆ ಸಂಭವವೇ ಅತ್ಯಲ್ಪವಾದ್ದರಿಂದ ಹೆದರಬೇಕಿಲ್ಲ. ಆದರೆ ಧೂಮಪಾನವೂ, ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆಯೂ ಅದನ್ನು ಹೆಚ್ಚಿಸುತ್ತವೆ. ಗುಳಿಗೆ ತೆಗೆದುಕೊಳ್ಳುವವರು ಈ ಲಕ್ಷಣವನ್ನು ವೈದ್ಯರಿಗೆ ಹೇಳಲೇಬೇಕು.

ಇನ್ನೊಂದು ಮಾತು. ಪ್ಯಾರಾಸೆಟಮಾಲ್‌ನಂಥ ಗುಳಿಗೆಗಳನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, 3 ತಿಂಗಳಿಗೂ ಮೀರಿ ನುಂಗಿದರೆ ಆ ಗುಳಿಗೆಯೇ ತಲೆನೋವಿಗೆ ಕಾರಣವಾದೀತು. ಹಲವು ಔಷಧಿ ಬೆರೆತ ಗುಳಿಗೆಗಳಾದರೆ 10 ದಿನವೇ ಸಾಕು.

ಹಠಾತ್ತಾಗಿ ಸಿಡಿಲೆರಗಿದಂಥ ನೋವು, ಕೈಕಾಲು ಸೋಲುವುದು, ಮಾತು ತೊದಲುವುದು, ಜ್ವರದೊಡನೆ ಕತ್ತು ಬಿಗಿಯುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪರಸ್ಥಳದಲ್ಲಿರುವ ನಮಗೆ ಒಂದು ಸುಲಭೋಪಾಯವಿದೆ. ಹೊರಡುವ ಮುನ್ನ ನಿದ್ದೆ, ಮನಸ್ಸು, ಹೊಟ್ಟೆ, ಹಳೆಯ ಕಾಯಿಲೆ, ನುಂಗುತ್ತಿರುವ ಮಾತ್ರೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದಿಡಿ. ಮಗನೆದುರು ಸಂಕೋಚವಾದರೆ ಸಂಘದ ಗೆಳತಿಯೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ನಮ್ಮ ನೆರೆಮನೆಯ ತಾಯಿ ಈಗ ಹಾಗೆಯೇ ಮಾಡುತ್ತಾರೆ.