ಪಝಲ್ ರೇಟಿಂಗ್ ಏರಿತು, ಆಟ ಯಾಕೆ ಏರಲಿಲ್ಲ?

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ವರು ಒಂದು ಅಂತರಕಾಲೇಜು ಚೆಸ್ ಪಂದ್ಯಾವಳಿಗೆ ಹೋಗಿದ್ದೆವು. ಅದಕ್ಕೆ ಮುಂಚೆ ಎರಡು ತಿಂಗಳು ಹಾಸ್ಟೆಲ್‌ನಲ್ಲಿ ನಮಗೆ ಪಝಲ್ ಬಿಟ್ಟು ಬೇರೆ ಲೋಕವೇ ಇರಲಿಲ್ಲ. ಮೆಸ್ ಕ್ಯೂನಲ್ಲಿ ಪಝಲ್, ಲ್ಯಾಬ್‌ನಲ್ಲಿ ಸರ್ ಆ ಕಡೆ ತಿರುಗಿದರೆ ಪಝಲ್. ಲಿಚೆಸ್‌ನಲ್ಲಿ ಎಲ್ಲರ ಪಝಲ್ ರೇಟಿಂಗ್ ಮುನ್ನೂರು, ನಾನೂರು ಏರಿತ್ತು. ಟ್ರೋಫಿ ಯಾರ ರೂಮಲ್ಲಿ ಇಡೋದು ಅನ್ನೋ ಜಗಳವೂ ಆಗಿತ್ತು. ನಾಲ್ಕನೇ ಸುತ್ತು ಮುಗಿಯೋ ಹೊತ್ತಿಗೆ ಆ ಜಗಳಕ್ಕೆ ಅರ್ಥ ಉಳಿದಿರಲಿಲ್ಲ.

ಸೋತ ಆಟಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳ್ತೀವಿ. ಬೋರ್ಡ್ ಇದ್ದರೆ ಮುಂದೆ ಇಟ್ಟುಕೊಳ್ಳಿ. (ಮನೆಯಲ್ಲಿ ಕಲಿತ ಹಾಗೆ ಬಿಷಪ್ಪನ್ನು ಒಂಟೆ ಅಂತಲೇ ಕರೀತೀವಿ, ಬೇಜಾರು ಮಾಡ್ಕೋಬೇಡಿ.)

ಹದಿನೆಂಟನೇ ಶತಮಾನದ ಫ್ರೆಂಚ್ ಆಟಗಾರ ಲೆಗಾಲ್ ಹೆಸರಿನಲ್ಲಿ ಒಂದು ಹಳೆಯ ಪಟ್ಟು ಇದೆ. ಬಿಳಿಯ ಕಾಲಾಳು ಇ4ರಲ್ಲಿ, ಕುದುರೆಗಳು ಎಫ್3 ಮತ್ತು ಸಿ3ರಲ್ಲಿ, ಒಂಟೆ ಸಿ4ರಲ್ಲಿ. ಕಪ್ಪಿನ ಕಾಲಾಳುಗಳು ಇ5, ಡಿ6 ಮತ್ತು ಜಿ6ರಲ್ಲಿ. ಕಪ್ಪಿನ ಒಂಟೆ ಜಿ4ಕ್ಕೆ ಬಂದು ಎಫ್3ರ ಕುದುರೆಯನ್ನು ಪಿನ್ ಮಾಡಿದೆ. ಕುದುರೆ ಎದ್ದರೆ ಹಿಂದಿರುವ ರಾಣಿ ಹೋಗುತ್ತೆ. ಆದರೂ ಬಿಳಿ ಧೈರ್ಯವಾಗಿ ಕುದುರೆ ಎತ್ತಿ ಇ5ರ ಕಾಲಾಳನ್ನು ಹೊಡೆಯುತ್ತದೆ. ಕಪ್ಪು ಆಸೆಪಟ್ಟು ರಾಣಿಯನ್ನು ತಿಂದರೆ ಒಂಟೆ ಎಫ್7ರಲ್ಲಿ ಚೆಕ್, ರಾಜ ಇ7ಕ್ಕೆ, ಇನ್ನೊಂದು ಕುದುರೆ ಡಿ5ಕ್ಕೆ, ಚೆಕ್‌ಮೇಟ್. ರಾಣಿ ಇಲ್ಲದೆ ಮೂರೇ ಕಾಯಿಗಳಿಂದ ರಾಜನ ಕಥೆ ಮುಗಿಯುತ್ತೆ. ಒಮ್ಮೆ ನೋಡಿದವರು ಇದನ್ನು ಮರೆಯೋದಿಲ್ಲ.

ನಮ್ಮ ಎರಡನೇ ಬೋರ್ಡಿನವನ ಆಟದಲ್ಲಿ ಹೆಚ್ಚುಕಡಿಮೆ ಇದೇ ಸ್ಥಿತಿ ಬಂತು. ಅವನ ಕಣ್ಣು ಹೊಳೆದದ್ದು ಪಕ್ಕದ ಬೋರ್ಡಿನಿಂದ ನಮಗೂ ಕಾಣಿಸಿತು. ಗಡಿಯಾರದಲ್ಲಿ ಬೇಕಾದಷ್ಟು ಸಮಯ ಇತ್ತು. ಹತ್ತು ಸೆಕೆಂಡಿನಲ್ಲಿ ಕುದುರೆ ಎತ್ತಿ ಇ5ಕ್ಕೆ ಬಡಿದ. ವ್ಯತ್ಯಾಸ ಒಂದೇ: ಕಪ್ಪು ಜಿ6 ಆಡಿರಲಿಲ್ಲ, ಬದಲಿಗೆ ಅದರ ಒಂದು ಕುದುರೆ ಸಿ6ರಲ್ಲಿತ್ತು. ಎದುರಾಳಿ ರಾಣಿಯ ಕಡೆ ನೋಡಲೇ ಇಲ್ಲ. ಆ ಕುದುರೆಯಿಂದ ಇ5ರಲ್ಲಿದ್ದ ನಮ್ಮ ಕುದುರೆಯನ್ನು ಹೊಡೆದ. ಈಗ ಇ5ರಲ್ಲಿ ಕೂತ ಆ ಕುದುರೆ ಜಿ4ರ ಒಂಟೆಗೆ ಕಾವಲು, ಜೊತೆಗೆ ಸಿ4ರ ನಮ್ಮ ಒಂಟೆಯ ಮೇಲೂ ಕಣ್ಣು. ಒಂದು ಕಾಲಾಳಿಗೆ ಒಂದು ಕುದುರೆ ಕೊಟ್ಟ ವ್ಯಾಪಾರ. ಆಟ ಅಲ್ಲಿಂದ ಮೇಲೇಳಲಿಲ್ಲ.

ಪಝಲ್ ಮಾಡಿದ್ದೇ ತಪ್ಪಾ ಹಾಗಾದ್ರೆ? ಅಲ್ಲ. ಪಝಲ್ ಏನು ಕೊಡುತ್ತೆ ಅನ್ನೋದಕ್ಕೆ 1973ರ ಒಂದು ಹೆಸರಾಂತ ಪ್ರಯೋಗ ಇದೆ. ಮಾಡಿದವರು ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್. ಸೈಮನ್ ಅಂದರೆ ಟ್ಯೂರಿಂಗ್ ಪ್ರಶಸ್ತಿ, ನೊಬೆಲ್ ಎರಡನ್ನೂ ಪಡೆದ ಅದೇ ಸೈಮನ್, ಸಿಎಸ್‌ನವರಿಗೆ ಗೊತ್ತಿರುತ್ತೆ. ನಿಜವಾದ ಆಟದ ಮಧ್ಯದ ಸ್ಥಿತಿಯೊಂದನ್ನು ಐದು ಸೆಕೆಂಡ್ ತೋರಿಸಿ, ನೆನಪಿನಿಂದ ಜೋಡಿಸಿ ಅಂದರು. ಮಾಸ್ಟರ್ ಹದಿನಾರರಷ್ಟು ಕಾಯಿಗಳನ್ನು ಸರಿಯಾಗಿ ಇಟ್ಟರೆ, ಹೊಸಬ ಇಟ್ಟದ್ದು ನಾಲ್ಕರಷ್ಟು. ಆಮೇಲೆ ಕಾಯಿಗಳನ್ನು ಮನಸ್ಸಿಗೆ ಬಂದ ಹಾಗೆ ಚೆಲ್ಲಾಪಿಲ್ಲಿ ಇಟ್ಟು ತೋರಿಸಿದರು. ಮಾಸ್ಟರನ ಮೇಲುಗೈ ಹೆಚ್ಚುಕಡಿಮೆ ಮಾಯ. ಅಂದರೆ ಅವರ ನೆನಪಿನ ಶಕ್ತಿ ನಮಗಿಂತ ದೊಡ್ಡದಲ್ಲ. ನಾವು ಒಂದೊಂದೇ ಅಕ್ಷರ ಕೂಡಿಸಿ ಓದುವಲ್ಲಿ ಅವರು ಪದ ಓದುತ್ತಾರೆ. ಪಝಲ್ ಕಲಿಸೋದು ಆ ಪದಗಳನ್ನೇ.

ಪದ ಬಾಯಿಪಾಠ ಆಗಬೇಕಾದರೆ ಮತ್ತೆ ಮತ್ತೆ ಓದಬೇಕು. ಸ್ವೀಡನ್ನಿನ ಹಾನ್ಸ್ ಟಿಕ್ಕನೆನ್ ಮಾಡಿದ್ದು ಇದನ್ನೇ. ಪಝಲ್‌ಗಳ ಒಂದೇ ಕಟ್ಟನ್ನು ಹಿಡಿದು ಸುತ್ತಿನ ಮೇಲೆ ಸುತ್ತು, ಪ್ರತಿ ಸಲ ಇನ್ನೂ ಬೇಗ. 2010ರಲ್ಲಿ ಹೀಗೆ ಅಭ್ಯಾಸ ಮಾಡಿದ ಮೇಲೆ ಏಳೇ ವಾರಗಳಲ್ಲಿ ಮೂರು ಗ್ರ್ಯಾಂಡ್‌ಮಾಸ್ಟರ್ ನಾರ್ಮ್ ಗಳಿಸಿದ. ಅವನ ಗೆಳೆಯ ಆಕ್ಸೆಲ್ ಸ್ಮಿತ್ ಇದಕ್ಕೆ ಮರಕುಟಿಗ ಪದ್ಧತಿ ಅಂತ ಹೆಸರಿಟ್ಟ. ಮೈಕೆಲ್ ಡಿ ಲಾ ಮಾಜಾ ಅನ್ನೋ ಅಮೆರಿಕದವನ ಲೆಕ್ಕ ಇನ್ನೂ ಮಜವಾಗಿದೆ: ಸಾವಿರ ಪಝಲ್, ಮೊದಲ ಸುತ್ತು 64 ದಿನ, ಮುಂದಿನದು 32, ಹಾಗೇ ಅರ್ಧರ್ಧ ಆಗುತ್ತಾ ಕೊನೆಗೆ ಒಂದೇ ದಿನದಲ್ಲಿ ಸಾವಿರ. ಒಟ್ಟು 127 ದಿನ, ಸರಿಸುಮಾರು ನಮ್ಮ ಒಂದು ಸೆಮಿಸ್ಟರ್. ಕೊನೆಯ ದಿನದ ಅಟೆಂಡೆನ್ಸ್ ಯಾರು ಹಾಕ್ತಾರೋ ಗೊತ್ತಿಲ್ಲ.

ಆದರೆ ನಮ್ಮ ತಪ್ಪು ಬೇರೆ ಕಡೆ ಇತ್ತು. ಪಝಲ್ ತೆರೆದ ಕ್ಷಣವೇ ಒಂದು ಗುಟ್ಟು ಹೊರಬಿದ್ದಿರುತ್ತೆ: ಇಲ್ಲಿ ಏನೋ ಇದೆ. ಗೊತ್ತಾದ ಮೇಲೆ ರಾಣಿಯನ್ನೇ ಬಲಿ ಕೊಡೋಕೂ ಧೈರ್ಯ ಬರುತ್ತೆ. ನಿಜವಾದ ಆಟದಲ್ಲಿ ಯಾರೂ ಬೆನ್ನು ತಟ್ಟಿ "ಈಗ ನೋಡಪ್ಪಾ" ಅನ್ನಲ್ಲ. ಹೆಚ್ಚಿನ ನಡೆಗಳಲ್ಲಿ ಅಲ್ಲಿ ಏನೂ ಇರಲ್ಲ. ಇನ್ನೊಂದು ಕೆಟ್ಟ ಚಾಳಿ: ಮೊದಲ ನಡೆ ಹೊಳೆದ ತಕ್ಷಣ ಒತ್ತಿಬಿಡೋದು, ಮುಂದಿನದನ್ನು ಆ್ಯಪ್ ಉತ್ತರ ಕೊಟ್ಟ ಮೇಲೆ ನೋಡಿಕೊಳ್ಳೋದು. ಮೂರು ನಿಮಿಷದ ಪಝಲ್ ಸ್ಟಾರ್ಮ್ ಈ ಚಾಳಿಗೆ ಹೇಳಿ ಮಾಡಿಸಿದ್ದು. ಕೈಗೆ ವೇಗ ಬರುತ್ತೆ, ಎದುರಾಳಿ ಏನು ಆಡಬಹುದು ಅಂತ ಕೇಳೋ ಅಭ್ಯಾಸ ಬರಲ್ಲ. ಎರಡನೇ ಬೋರ್ಡಿನವನು ಎರಡು ತಿಂಗಳು ಅಭ್ಯಾಸ ಮಾಡಿದ ಹಾಗೇ ಆಡಿದ, ಪಾಪ.

ಈಗ ನಾವು ಸ್ಟಾರ್ಮ್ ಬಿಟ್ಟಿದ್ದೀವಿ ಅಂದರೆ ಸುಳ್ಳಾಗುತ್ತೆ; ರಾತ್ರಿ ಮಲಗೋ ಮುಂಚೆ ಒಂದೆರಡು ನಡೆಯುತ್ತೆ. ಆದರೆ ಅದನ್ನು ಅಭ್ಯಾಸ ಅಂತ ಲೆಕ್ಕ ಹಾಕಲ್ಲ. ದಿನಕ್ಕೆ ಹತ್ತೇ ಪಝಲ್. ಪೂರ್ತಿ ಸಾಲು, ಎದುರಾಳಿಯ ಅತ್ಯಂತ ಕಿರಿಕಿರಿ ಉತ್ತರದ ಸಮೇತ, ರಫ್ ಪುಸ್ತಕದಲ್ಲಿ ಬರೆದ ಮೇಲೆಯೇ ಕೈ ಇಡೋದು. ತಪ್ಪಾದದ್ದು ಮುಂದಿನ ವಾರ ವಾಪಸ್ ಬರುತ್ತೆ. ಭಾನುವಾರ ನಮ್ಮದೇ ಸೋತ ಆಟಗಳಿಂದ ಪಝಲ್ ತೆಗೀತೀವಿ, ಇದು ಎಲ್ಲಕ್ಕಿಂತ ಹೆಚ್ಚು ಉರಿಸೋದು, ಹೆಚ್ಚು ಕಲಿಸೋದು.

ನಮಗೆ ತುಂಬಾ ಇಷ್ಟವಾದ ಆಟ ಇನ್ನೊಂದಿದೆ. ಒಬ್ಬ ಹತ್ತು ಸ್ಥಿತಿಗಳನ್ನು ಹುಡುಕಿ ತರ್ತಾನೆ. ಕೆಲವದರಲ್ಲಿ ಪಟ್ಟು ಇರುತ್ತೆ, ಕೆಲವದರಲ್ಲಿ ಇರೋ ಹಾಗೆ ಕಾಣುತ್ತೆ ಅಷ್ಟೇ. ಎಷ್ಟರಲ್ಲಿ ಇದೆ ಅಂತ ಹೇಳಲ್ಲ. "ಏನೂ ಇಲ್ಲ, ಸುಮ್ಮನೆ ಕೋಟೆ ಕಟ್ಟಬೇಕು" ಅನ್ನೋದೂ ಸರಿಯುತ್ತರ. ಮೊದಲ ವಾರ ಎಲ್ಲರೂ ಇಲ್ಲದ ಕಡೆ ರಾಣಿಯನ್ನು ಬಲಿ ಕೊಟ್ಟು ನಗೆಪಾಟಲಾದೆವು.

ಮೊನ್ನೆ ಕಾಮನ್ ರೂಮ್‌ನಲ್ಲಿ ಜೂನಿಯರ್ ಒಬ್ಬ ಎರಡನೇ ಬೋರ್ಡಿನವನ ಜೊತೆ ಆಡ್ತಾ ಇದ್ದ. ಅದೇ ಸ್ಥಿತಿ: ಸಿ6ರಲ್ಲಿ ಕುದುರೆ, ಜಿ4ರಲ್ಲಿ ಒಂಟೆ. ನಾವೆಲ್ಲ ಸುತ್ತ ನಿಂತೆವು. ಇವನು ನಾಲ್ಕು ನಿಮಿಷ ಯೋಚಿಸಿ ಎಚ್3 ಆಡಿದ, ಒಂಟೆಯನ್ನು ಕೆಣಕೋಕೆ. ಜೂನಿಯರ್ ಒಂಟೆಯನ್ನು ಎಚ್5ಕ್ಕೆ ಸರಿಸಿದ. ಈಗ ಇ5ಕ್ಕೆ ಬರೋ ಕಪ್ಪು ಕುದುರೆಗೆ ಆ ಒಂಟೆಯನ್ನು ಕಾಯೋಕೆ ಆಗಲ್ಲ. ಇವನು ಇ5ರ ಕಾಲಾಳನ್ನು ಹೊಡೆದ, ಕುದುರೆಗೆ ಕುದುರೆ ಹೋಯಿತು, ರಾಣಿ ಎಚ್5ರ ಒಂಟೆಯನ್ನು ತಿಂದಿತು, ಕಪ್ಪು ಕುದುರೆ ಸಿ4ರ ಒಂಟೆಯನ್ನು ತಿಂದಿತು. ಆಮೇಲೆ ರಾಣಿ ಬಿ5ರಲ್ಲಿ ಚೆಕ್, ಮುಂದಿನ ನಡೆಗೆ ಆ ಕುದುರೆಯೂ ಕೈಗೆ. ಗಳಿಸಿದ್ದು ಬರೀ ಒಂದು ಕಾಲಾಳು. ನಾವು ಚಪ್ಪಾಳೆ ಹೊಡೆದದ್ದು ಯಾಕೆ ಅಂತ ಜೂನಿಯರ್‌ಗೆ ಅರ್ಥವೇ ಆಗಲಿಲ್ಲ.